ಓಡಿಸಿ ಬಂದ ಮೇಲೆ ಆರಿಸಬೇಕು

ಕಾರು ರಿಪೇರಿಯ ವರ್ಕ್‌ಶಾಪ್ ಇಟ್ಟುಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಕೊಯಮತ್ತೂರಿನ ಉಕ್ಕಡಂ ಬಸ್ ನಿಲ್ದಾಣ ದಾಟಿ ಪೊಲ್ಲಾಚಿ ರಸ್ತೆ ಹಿಡಿದರೆ ಎಡಗಡೆ ಸಿಗುವ ತಗಡಿನ ಶೆಡ್ಡು ನನ್ನದು. ಆ ಕಡೆ ಯಾರನ್ನು ಕೇಳಿದರೂ ನನ್ನ ಬಗ್ಗೆ ಎರಡು ಮಾತು ಹೇಳುತ್ತಾರೆ. ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ಎರಡನ್ನೂ ಹೊಗಳಿಕೆ ಅಂತಲೇ ತಿಳಿದು ಎದೆಯುಬ್ಬಿಸಿಕೊಂಡು ಓಡಾಡಿದವನು ನಾನು. ಈಗ ಬರೆಯಲು ಕೂತಿರುವುದು ಒಂದು ಕೆಂಪು ಕಾರಿನ ವಿಷಯ, ಮತ್ತು ಆ ಕಾರಿನ ಮುಂದೆ ನಿಂತು ನಾನು ಆಡಿದ ಮಾತಿನ ವಿಷಯ.

ಮೊದಲು ನಮ್ಮ ಮನೆಯ ಕನ್ನಡದ ಬಗ್ಗೆ ಹೇಳಬೇಕು. ಅದಿಲ್ಲದೆ ಈ ಕಥೆ ಅರ್ಥವಾಗುವುದಿಲ್ಲ. ನಮ್ಮದು ನೆಗಮಂ ಕಡೆಯ ನೇಕಾರರ ಮನೆ. ಎಷ್ಟು ತಲೆಮಾರಿನ ಹಿಂದೆ ಕನ್ನಡ ಸೀಮೆಯಿಂದ ಬೆಟ್ಟ ಇಳಿದು ಬಂದರೋ ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಶಾಲೆ, ಕೆಲಸ, ಜಗಳ, ಪ್ರೀತಿ ಎಲ್ಲ ತಮಿಳಿನಲ್ಲೇ. ನಮ್ಮ ಬಾಯಲ್ಲಿ ಹಾಲು ‘ಆಲು’ ಆಗುತ್ತದೆ, ಹೋಗು ‘ಓಗು’ ಆಗುತ್ತದೆ, ನಡುನಡುವೆ ತಮಿಳು ಮಾತು ಬಂದು ಕೂತಿರುತ್ತದೆ. ಇದೇ ಕನ್ನಡ, ಜಗತ್ತಿನ ಕನ್ನಡವೆಲ್ಲ ಹೀಗೇ ಇರುತ್ತದೆ ಅಂದುಕೊಂಡಿದ್ದೆ. ನಲವತ್ತೈದು ವರ್ಷ ದಾಟುವವರೆಗೆ ಒಂದು ಕನ್ನಡ ಅಕ್ಷರವನ್ನೂ ಗುರುತಿಸಲು ನನಗೆ ಬರುತ್ತಿರಲಿಲ್ಲ.

ನನ್ನ ತಮ್ಮನಿಗೆ ಬನಿಯನ್ ಬಟ್ಟೆ ಹೆಣೆಯುವ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸ. ಆಫೀಸು ತಿರುಪ್ಪೂರಿನಲ್ಲಿ, ವಾಸ ನಮ್ಮ ಜೊತೆ ಒಂದೇ ಮನೆಯಲ್ಲಿ. ಮೈಸೂರಿನ ಒಂದು ಮಿಲ್ಲಿಗೆ ಕೆಲಸದ ಮೇಲೆ ಹೋದವನು ಅಲ್ಲಿ ನೂಲು ಪರೀಕ್ಷೆ ಮಾಡುತ್ತಿದ್ದ ಹುಡುಗಿಯನ್ನು ಮೆಚ್ಚಿಕೊಂಡು ಬಂದ. ಮದುವೆಯಾಯಿತು. ಮದುವೆಯಾದ ತಿಂಗಳೊಳಗೆ ಆಕೆ ತನ್ನ ಕಾರನ್ನು ತಾನೇ ಓಡಿಸಿಕೊಂಡು, ದಿಂಬಂ ಘಾಟಿಯ ತಿರುವುಗಳನ್ನೆಲ್ಲ ಇಳಿದು, ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದಳು. ಎರಡೇ ಸೀಟಿನ, ನೆಲಕ್ಕೆ ಹತ್ತಿಕೊಂಡಂತಿದ್ದ ಕೆಂಪು ಸ್ಪೋರ್ಟ್ಸ್ ಕಾರು. ಬೀದಿಗೆ ಬೀದಿಯೇ ಬಂದು ನಿಂತು ನೋಡಿತು. ನನ್ನ ಹೆಂಡತಿ ಆರತಿ ತಟ್ಟೆ ಹಿಡಿದುಕೊಂಡು, ಮದುಮಗಳಿಗೆ ಎತ್ತಬೇಕೋ ಕಾರಿಗೆ ಎತ್ತಬೇಕೋ ತಿಳಿಯದೆ ಎರಡಕ್ಕೂ ಎತ್ತಿದಳು.

ನಮ್ಮ ಕಡೆ ಮನೆಯ ಕಿರಿಯ ಹೆಣ್ಣುಮಕ್ಕಳನ್ನು ಪ್ರೀತಿಯಿಂದ, ಮರ್ಯಾದೆಯಿಂದ ‘ಅಮ್ಮಿಣಿ’ ಅಂತ ಕರೆಯುತ್ತೇವೆ. ನಾನೂ ತಮ್ಮನ ಹೆಂಡತಿಯನ್ನು ಹಾಗೇ ಕರೆದೆ. ಇಲ್ಲಿಯೂ ಹಾಗೇ ಕರೆಯುತ್ತೇನೆ. ಗಂಡನ ಅಣ್ಣನ ಎದುರಿಗೆ ನಿಂತು ಮಾತಾಡುವ ರೂಢಿ ನಮ್ಮಲ್ಲಿ ಕಡಿಮೆ. ಬಾಗಿಲ ಮರೆಯಿಂದ ಒಂದು ಮಾತು, ಅಷ್ಟೇ. ಅಮ್ಮಿಣಿ ಬಂದ ನಾಲ್ಕನೇ ದಿನವೇ ಹಳೆಯ ಅಂಗಿಯೊಂದನ್ನು ಹಾಕಿಕೊಂಡು ಶೆಡ್ಡಿಗೆ ಬಂದು, “ಭಾವ, ಹದಿನಾಲ್ಕರ ಸ್ಪ್ಯಾನರ್ ಕೊಡಿ” ಅಂದಳು. ನಾನು ಕೊಟ್ಟೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಆ ಕಾರು ಆಕೆಯ ಅಪ್ಪನದು. ಆತ ಮೈಸೂರಿನಲ್ಲಿ ಐಟಿಐ ಮೇಷ್ಟ್ರು. ಯಾರೋ ಮೂಲೆಗೆ ಹಾಕಿದ್ದ ಕಾರನ್ನು ತಂದು, ಎಂಜಿನ್ನನ್ನು ಪೂರ್ತಿ ಬಿಚ್ಚಿ, ಹಿತ್ತಲಿನಲ್ಲಿ ಮೇಜು ಹಾಕಿಕೊಂಡು ಮೂರು ವರ್ಷ ಕೂತು ತಾನೇ ಕಟ್ಟಿದ್ದನಂತೆ. ಮಗಳ ಮದುವೆಗೆ ಎರಡು ವರ್ಷ ಮೊದಲು ತೀರಿಕೊಂಡ. ಒಂದು ದಿನ ಬಾನೆಟ್ ಎತ್ತಿ ನೋಡುತ್ತಿದ್ದಾಗ ಎಂಜಿನ್ ಬ್ಲಾಕಿನ ಮೂಲೆಯಲ್ಲಿ ಪಂಚ್ ಹೊಡೆದು ಮೂಡಿಸಿದ ಒಂದು ಸಣ್ಣ ಗುರುತು ಕಂಡಿತು.

“ಇದು ಏನು ನಂಬರು ಅಮ್ಮಿಣಿ?” ಅಂತ ಕೇಳಿದೆ.

ಆಕೆ ನಕ್ಕಳು. “ನಂಬರ್ ಅಲ್ಲ ಭಾವ, ಅಕ್ಷರ. ನನ್ನ ಹೆಸರಿನ ಮೊದಲ ಅಕ್ಷರ. ಅಪ್ಪ ಹೊಡೆದಿದ್ದು.” ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. “ಕನ್ನಡ ಓದೋಕೆ ಬರಲ್ವಾ ಭಾವ ನಿಮಗೆ?”

“ಯಾರು ಏಳಿಕೊಟ್ರು?” ಅಂದೆ. ಸ್ವಲ್ಪ ಗಡುಸಾಗಿಯೇ ಅಂದೆ.

“ನಾನು ಹೇಳಿಕೊಡ್ತೀನಿ” ಅಂದಳು, ಟೀ ಮಾಡಿಕೊಡ್ತೀನಿ ಅನ್ನುವಷ್ಟು ಸಲೀಸಾಗಿ.

ಟರ್ಬೊ ಮಾತು ಬಂದಿದ್ದೂ ಆಗಲೇ. ಆಕೆಯ ಅಪ್ಪನಿಗೆ ಆ ಕಾರಿಗೆ ಟರ್ಬೊ ಹಾಕಿಸಬೇಕೆಂಬ ಆಸೆ ಇತ್ತಂತೆ. ಯಾವುದೋ ಇಂಗ್ಲಿಷ್ ಪತ್ರಿಕೆಯಿಂದ ಅದರ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದನಂತೆ. ಕೈಗೂಡಲಿಲ್ಲ. “ನೀವು ಹಾಕಿಕೊಡ್ತೀರಾ ಭಾವ? ಬೇರೆ ಯಾರ ಕೈಗೂ ಈ ಎಂಜಿನ್ ಕೊಡೋಕೆ ನಂಗೆ ಮನಸ್ಸಿಲ್ಲ” ಅಂದಳು. ಆ ಮಾತಿಗೆ ನಾನು ಕರಗಿ ನೀರಾದೆ, ನಿಜ ಹೇಳುತ್ತೇನೆ. ಕೊಯಮತ್ತೂರಿನಲ್ಲಿ ಈ ಕೆಲಸಕ್ಕೆ ನನ್ನ ಬಿಟ್ಟರೆ ಯಾರಿದ್ದಾರೆ ಅಂತ ಜಂಭವೂ ಏರಿತು.

ಕಿಟ್ ಹೊರದೇಶದಿಂದ ಬಂತು. ಡಬ್ಬ ಬಿಚ್ಚಿದ ದಿನ ಶೆಡ್ಡಿನಲ್ಲಿ ಹಬ್ಬ. ಬಸವನಹುಳುವಿನ ಚಿಪ್ಪಿನಂತಿದ್ದ ಟರ್ಬೊ, ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸುವ ಎರಕದ ಮ್ಯಾನಿಫೋಲ್ಡು, ಪೈಪುಗಳು, ಹೊಸ ಇಂಜೆಕ್ಟರುಗಳು, ಒಂದು ಇಂಗ್ಲಿಷ್ ಪುಸ್ತಕ. ಟರ್ಬೊ ಅಂದರೆ ಏನೂ ಮಹಾ ಮಾಯೆ ಅಲ್ಲ. ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆಯಿಂದಲೇ ಒಂದು ಕಡ್ಡಿಯ ತುದಿಯ ಪುಟ್ಟ ಚಕ್ರವನ್ನು ತಿರುಗಿಸುವುದು, ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಜಾಸ್ತಿ ಗಾಳಿ ತಳ್ಳುವುದು. ಆ ಕಡ್ಡಿ ಕಣ್ಣು ಹಾಯದ ವೇಗದಲ್ಲಿ ತಿರುಗುತ್ತದೆ, ಹೊಗೆಯ ಕಡೆ ಕೆಂಪಗೆ ಕಾಯುತ್ತದೆ. ಅದನ್ನು ಕಾಪಾಡುವುದು ಎಂಜಿನ್ನಿನಿಂದ ಹರಿದು ಬರುವ ಎಣ್ಣೆ ಮಾತ್ರ. ಹಾಗಾಗಿ ಜೋರಾಗಿ ಓಡಿಸಿ ಬಂದ ಮೇಲೆ ಗಾಡಿಯನ್ನು ತಟ್ಟನೆ ನಿಲ್ಲಿಸಬಾರದು. ಎರಡು ಮೂರು ನಿಮಿಷ ನಿಂತಲ್ಲೇ ಸುಮ್ಮನೆ ಓಡಲು ಬಿಡಬೇಕು. ಎಣ್ಣೆ ಹರಿದು ಬಿಸಿ ಇಳಿಯಬೇಕು. ಇಲ್ಲವಾದರೆ ಒಳಗೆ ನಿಂತ ಎಣ್ಣೆ ಸುಟ್ಟು ಕರಿ ಹಕ್ಕಳೆಯಾಗಿ ಕೂರುತ್ತದೆ. ಈ ಕೆಲಸ ತಾನಾಗಿಯೇ ಮಾಡುವ ಒಂದು ಟೈಮರ್ ಸಿಗುತ್ತದೆ, ಹಾಕಿಸಿಕೊಳ್ಳಿ ಅಂತ ಆ ಪುಸ್ತಕದಲ್ಲೇ ಇತ್ತಂತೆ. ಬೇಡ ಅಂದವನು ನಾನು. ಕೈಯಿದ್ದವರಿಗೆ ಟೈಮರ್ ಯಾಕೆ ಅಂದೆ.

ಆರೇಳು ಭಾನುವಾರ ಹಿಡಿಯಿತು. ಅಷ್ಟು ಸಂತೋಷದಿಂದ ನಾನು ಯಾವ ಕೆಲಸವನ್ನೂ ಮಾಡಿದ್ದಿಲ್ಲ. ಹಳೆಯ ಮ್ಯಾನಿಫೋಲ್ಡ್ ತುಕ್ಕು ಹಿಡಿದು ಬಿಡದೆ ಸತಾಯಿಸಿತು. ಅದನ್ನು ಹಿಡಿದಿದ್ದ ಎರಡು ಸ್ಟಡ್ ಬೋಲ್ಟು ಮುರಿದವು. ನಾನು ಸ್ಟಡ್ಡಿನ ವಂಶಾವಳಿಯನ್ನೆಲ್ಲ ತಮಿಳಿನಲ್ಲಿ ಬೈದೆ. ಅಮ್ಮಿಣಿ ಗಂಭೀರವಾಗಿ, “ಈ ಮಾತು ಬರ್ಕೊಳ್ಳಲಾ ಭಾವ?” ಅಂದಳು. ಆಕೆಯ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ನಾನು ಮಾಡಿದ್ದು, ಹೇಳಿದ್ದು ಎಲ್ಲವನ್ನೂ ಅದರಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಳು. ಅಪ್ಪನೂ ಹಾಗೇ ಬರೆದಿಡುತ್ತಿದ್ದನಂತೆ.

ನನ್ನ ಪಾಠವೂ ಜೊತೆಯಲ್ಲೇ ನಡೆಯಿತು. ಬಿಚ್ಚಿಟ್ಟ ಒಂದೊಂದು ಪೈಪಿಗೂ ಕಾಗದದ ಟೇಪು ಅಂಟಿಸಿ ಅದರ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತಿದ್ದಳು. ನಾನು ಓದಿ ಹೇಳಿದರೆ ಮಾತ್ರ ಪೈಪು ಕೈಗೆ ಕೊಡುತ್ತಿದ್ದಳು. ನಾನು ಬದುಕಿನಲ್ಲಿ ಮೊದಲು ಓದಿದ ಕನ್ನಡದ ಮಾತು ‘ಗಾಳಿ’. ಎರಡನೆಯದು ‘ಹೊಗೆ’. ‘ಎಣ್ಣೆ’ ಬಂದಾಗ ಕೆಳಗೆ ಜೋತುಬಿದ್ದ ಆ ಕೊಂಡಿ ಏನು ಅಂತ ತಿಳಿಯದೆ ತಡವರಿಸಿದೆ.

“ಅದು ಒತ್ತಕ್ಷರ ಭಾವ. ಅದು ಆಮೇಲೆ. ಮೊದಲು ಒತ್ತು ಇಲ್ಲದ್ದು ಸರಾಗ ಆಗಲಿ” ಅಂದಳು.

ಕೊನೆಯ ಭಾನುವಾರ. ಎಣ್ಣೆ ವಾಪಸು ಹೋಗುವ ಪೈಪನ್ನು ಕೂರಿಸಲು ನಾನು ಕಾರಿನ ಅಡಿಯಲ್ಲಿ ಮಲಗಿದ್ದೆ. ಮುಖದ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿತ್ತು, ಸೊಂಟ ಹಿಡಿದಿತ್ತು. ಅಲ್ಲಿಂದಲೇ ಹೇಳಿದೆ. “ಅಮ್ಮಿಣಿ, ಒಂದು ಮುಖ್ಯ ವಿಷ್ಯ. ವಂಡಿ ಓಡ್ಸಿ ಬಂದ ಮೇಲೆ ಆರ್ಸಬೇಕು. ಯಾವಾಗ್ಲೂ. ಮರೀಬ್ಯಾಡಿ.”

“ಆರಿಸಬೇಕು” ಅಂತ ಆಕೆ ಬರೆದುಕೊಳ್ಳುವ ಸದ್ದು ಕೇಳಿತು. ಆಮೇಲೆ, “ಭಾವ, ಈ ಪುಸ್ತಕದಲ್ಲಿ ಬೇರೆ ಥರ ಇದೆಯಲ್ಲ...” ಅಂದಳು.

“ಆ ಪುಸ್ತಕ ಬರ್ದವ್ನು ಕೊಯಮತ್ತೂರು ಬಿಸ್ಲು ನೋಡಿದ್ದಾನಾ? ಪುಸ್ತಕ ಆಚೆ ಬಿಸಾಕಿ. ನಾ ಏಳಿದ್ದು ಮಾಡಿ” ಅಂತ ಅಡಿಯಿಂದಲೇ ಗದರಿದೆ.

“ಸರಿ ಭಾವ” ಅಂದಳು.

ನಮ್ಮ ಮನೆಯಲ್ಲಿ ‘ಆರ್ಸು’ ಅಂದರೆ ಒಂದೇ ಅರ್ಥ, ಬಿಸಿ ಇಳಿಸು. ಆಲು ಆರ್ಸು, ಅನ್ನ ಆರ್ಸು. ತಮಿಳಿನಲ್ಲೂ ಅದೇ. ದೀಪವನ್ನಾದರೆ ನಾವು ‘ಅಣ್ಸು’ ಅನ್ನುತ್ತೇವೆ. ‘ಆರ್ಸು’ ಅನ್ನುವುದಕ್ಕೆ ಇನ್ನೊಂದು ಅರ್ಥವಿದೆ ಅಂತ ನನಗೆ ಕನಸಿನಲ್ಲೂ ಗೊತ್ತಿರಲಿಲ್ಲ. ಇಷ್ಟು ಓದುವಷ್ಟರಲ್ಲಿ ನಿಮಗೆ ಗೊತ್ತಾಗಿರುತ್ತದೆ. ನನಗೆ ಗೊತ್ತಾಗಲು ವರ್ಷ ಹಿಡಿಯಿತು.

ಮೊದಲ ಸಲ ಓಡಿಸಿದ ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೊಲ್ಲಾಚಿ ರಸ್ತೆಗೆ ಬಿಟ್ಟಳು. ಟರ್ಬೊ ಶಿಳ್ಳೆ ಹಾಕಿ ಬೆನ್ನು ಸೀಟಿಗೆ ಒತ್ತಿಕೊಂಡಿತು. ಆಕೆ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. “ಅಪ್ಪ ಇರಬೇಕಿತ್ತು ಭಾವ” ಅಂದಳು. ವಾಪಸು ಬಂದು ಕಾರು ನಿಲ್ಲುವ ಮೊದಲೇ ಯಾರೋ ಗಿರಾಕಿ ಕರೆದರೆಂದು ನಾನು ಇಳಿದು ಓಡಿದೆ. ಆಕೆ ಗಾಡಿಯನ್ನು ಹೇಗೆ ನಿಲ್ಲಿಸಿದಳು ಅಂತ ತಿರುಗಿ ನೋಡಲಿಲ್ಲ. ಅವತ್ತು ಒಂದೇ ಒಂದು ಸಲ ತಿರುಗಿ ನೋಡಿದ್ದರೆ ಸಾಕಿತ್ತು.

ಮೂರು ತಿಂಗಳು ಕಾರು ಚೆನ್ನಾಗಿಯೇ ಓಡಿತು. ನಾನು ಗಾಂಧಿಪುರಂವರೆಗೂ ಹೋಗಿ ಪರಿಚಯದವರ ಹತ್ತಿರವೆಲ್ಲ ಕೊಚ್ಚಿಕೊಂಡೆ. ಒಂದು ಮಧ್ಯಾಹ್ನ ಅಮ್ಮಿಣಿಯ ಫೋನು. ನೆಗಮಂನಲ್ಲಿರುವ ನಮ್ಮ ಅತ್ತೆಯ ಮನೆಗೆ ಸೀರೆ ತರಲು ಹೋಗಿದ್ದಳು. ಬರುವಾಗ ಹಿಂದಿನಿಂದ ನೀಲಿ ಹೊಗೆ ಬಂತಂತೆ, ಸ್ವಲ್ಪ ದೂರದಲ್ಲೇ ಎಂಜಿನ್ನಿನಿಂದ ಸುತ್ತಿಗೆಯಲ್ಲಿ ಹೊಡೆದಂಥ ಸದ್ದು ಬಂದು ಗಾಡಿ ನಿಂತಿತಂತೆ. ಟೋ ಮಾಡಿಸಿ ಶೆಡ್ಡಿಗೆ ತಂದೆವು.

ಬಾನೆಟ್ ಎತ್ತಿದವನು ಹಾಗೇ ನಿಂತುಬಿಟ್ಟೆ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ ಪಕ್ಕೆಯನ್ನು ಸೀಳಿಕೊಂಡು ಹೊರಗೆ ಬಂದಿತ್ತು. ಇನ್ನು ಆ ಎಂಜಿನ್ನನ್ನು ಯಾವ ದೇವರೂ ರಿಪೇರಿ ಮಾಡುವಂತಿರಲಿಲ್ಲ. ಟರ್ಬೊ ಬಿಚ್ಚಿ ನೋಡಿದೆ. ಒಳಗೆ ಎಣ್ಣೆ ಸುಟ್ಟು ಕರಕಲಾಗಿ ಕೂತಿತ್ತು. ಕಡ್ಡಿ ತಿರುಗುತ್ತಿರಲಿಲ್ಲ. ಅಲ್ಲಿಂದ ಎಣ್ಣೆ ಸೋರಿ ಹೊಗೆಯಾಗಿ ಹೋಗಿದೆ, ಎಂಜಿನ್ ಒಣಗಿ ಹಿಡಿದುಕೊಂಡಿದೆ. ಒಂದು ದಿನದಲ್ಲಿ ಆಗುವ ಕೆಲಸವಲ್ಲ ಅದು. ದಿನಾ ಬಿಸಿ ಬಿಸಿಯಿರುವಾಗಲೇ ನಿಲ್ಲಿಸಿದರೆ ಮಾತ್ರ ಹಾಗಾಗುತ್ತದೆ. ನನ್ನ ತಲೆಗೆ ರಕ್ತ ಏರಿತು. ನನ್ನ ಕೆಲಸಕ್ಕೆ ಕೆಟ್ಟ ಹೆಸರು ಬಂತಲ್ಲ ಅನ್ನುವುದೇ ಮೊದಲು ಹೊಳೆದದ್ದು, ಇದನ್ನೂ ಮುಚ್ಚಿಡುವುದಿಲ್ಲ. ಶೆಡ್ಡಿನಲ್ಲಿ ಇಬ್ಬರು ಗಿರಾಕಿಗಳಿದ್ದರು, ಟೋ ಗಾಡಿಯ ಡ್ರೈವರ್ ಇದ್ದ, ಎದುರಿನ ಲೇತ್ ಅಂಗಡಿಯವನೂ ಬಂದು ನಿಂತಿದ್ದ.

“ಆರ್ಸಿದ್ರಾ ಇಲ್ವಾ?” ಅಂದೆ.

“ಆರಿಸಿದೀನಿ ಭಾವ. ಪ್ರತಿ ಸಲಾನೂ.”

“ಪ್ರತಿ ಸಲಾನೂ?”

“ಒಂದ್ಸಲಾನೂ ಮರೆತಿಲ್ಲ. ಅಪ್ಪನ ಆಣೆ.”

ಕರಿ ಹಕ್ಕಳೆ ನನ್ನ ಬೆರಳಿಗೆ ಅಂಟಿಕೊಂಡಿತ್ತು. ಅದನ್ನು ಆಕೆಯ ಮುಖದ ಹತ್ತಿರ ಹಿಡಿದೆ. “ಇದು ಏನು ಮತ್ತೆ? ಸುಳ್ಳು ಏಳಬ್ಯಾಡ! ಅಪ್ಪ ಅಪ್ಪ ಅಂತ ಕಣ್ಣೀರಾಕ್ತೀಯಲ್ಲ, ಆ ಅಪ್ಪನ ಎಂಜಿನ್ನ ಕೊಂದಾಕಿದವಳು ನೀನೇ. ಅವನ ಮೇಲೆ ಆಣೆ ಬೇರೆ!”

‘ನೀವು’ ಹೋಗಿ ‘ನೀನು’ ಬಂದಿತ್ತು. ಸತ್ತವನನ್ನೂ ಬಿಡಲಿಲ್ಲ ನನ್ನ ಹಾಳು ಬಾಯಿ.

ಅಮ್ಮಿಣಿ ಅಳಲಿಲ್ಲ. ಕಾರಿನ ಬಾಗಿಲು ತೆಗೆದು ಒಳಗಿನಿಂದ ಆ ನೋಟ್‌ಬುಕ್ ತಂದಳು. ಒಂದು ಪುಟ ತೆರೆದು, ಬೆರಳಿಟ್ಟು, ನನ್ನ ಮುಂದೆ ಹಿಡಿದಳು. “ನೀವು ಹೇಳಿದ್ದನ್ನೇ ಬರ್ಕೊಂಡಿದೀನಿ. ಓದಿ ಭಾವ.”

ಓದಿ ಅಂದಳು. ಅಷ್ಟು ಜನರ ಮುಂದೆ. ಪುಟದ ತುಂಬ ಕನ್ನಡ ಅಕ್ಷರಗಳು ಇರುವೆಗಳಂತೆ ಕಂಡವು. ತಡವರಿಸಿದರೆ ಎಲ್ಲರೂ ನೋಡುತ್ತಾರೆ. ಓದಲು ಬಾರದವನು ಅಂತ ಎತ್ತಿ ಆಡುತ್ತಿದ್ದಾಳೆ ಅಂತ ನನ್ನ ಕೊಳಕು ಬುದ್ಧಿಗೆ ತೋಚಿತು. ನೋಟ್‌ಬುಕ್ ಕಿತ್ತುಕೊಂಡು ಎಸೆದೆ. ಅದು ಹೋಗಿ ಹಳೇ ಎಣ್ಣೆಯ ಟ್ರೇಗೆ ಬಿತ್ತು.

ಆಕೆ ಅದನ್ನು ಎತ್ತಿಕೊಳ್ಳಲಿಲ್ಲ. ಹೊರಗೆ ಹೋಗಿ ಆಟೋ ಹತ್ತಿ ಮನೆಗೆ ಹೋದಳು. ನಾನು ಆಮೇಲೆ, ಎಲ್ಲರೂ ಹೋದ ಮೇಲೆ, ನೋಟ್‌ಬುಕ್ಕನ್ನು ಎತ್ತಿ ಒರೆಸಿ ಮೇಲಿನ ಶೆಲ್ಫಿನಲ್ಲಿಟ್ಟೆ. ಯಾಕೆ ಇಟ್ಟೆನೋ ಗೊತ್ತಿಲ್ಲ, ತೆರೆದು ಮಾತ್ರ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ತಿಂಡಿಗೆ ಕೂತಿದ್ದಾಗ ಆಕೆ ಕಾಫಿ ತಂದಿಟ್ಟು, “ಕಾಪಿ ವೆಚ್ಚಿರ್ಕೇನುಂಗ ಮಾಮಾ” ಅಂದಳು. ಕಾಫಿ ಇಟ್ಟಿದ್ದೇನೆ ಅಂತ. ತಮಿಳಿನಲ್ಲಿ. ಭಾವ ಹೋಗಿ ಮಾಮಾ ಆಗಿದ್ದೆ. ಮಾತಿನಲ್ಲಿ ಮರ್ಯಾದೆಗೆ ಒಂದು ಚೂರೂ ಕೊರತೆ ಇರಲಿಲ್ಲ. ಹಾಲಿನವನ ಹತ್ತಿರ, ಪಕ್ಕದ ಮನೆಯವರ ಹತ್ತಿರ ಆಡಲು ಕಲಿತ ತಮಿಳು ಅದು. ಅದನ್ನೇ ನನಗೂ ಆಡಿದಳು. ನನ್ನ ಹೆಂಡತಿಯ ಜೊತೆ ಕನ್ನಡ, ನನ್ನ ಮಗಳ ಜೊತೆ ಕನ್ನಡ, ನಾನು ಒಳಗೆ ಬಂದರೆ ತಮಿಳು.

“ಓಗಿ ಒಂದು ಮಾತು ಏಳಬಾರ್ದಾ? ಬಾಯಿ ಸವ್ದೋಗುತ್ತಾ?” ಅಂತ ಹೆಂಡತಿ ಬೈದಳು.

“ತಪ್ಪು ಅವ್ಳದು, ನಾನ್ಯಾಕೆ ಏಳಲಿ” ಅಂದೆ. ಹಾಗೇ ನಂಬಿದ್ದೆ ಆಗ.

ಎರಡು ತಿಂಗಳಿಗೆ ತಮ್ಮ ಬಂದು, “ಅಣ್ಣ, ದಿನಾ ತಿರುಪ್ಪೂರಿಗೆ ಬಸ್ಸಲ್ಲಿ ಓಡಾಡಿ ಸಾಕಾಯ್ತು. ಅಲ್ಲೇ ಮನೆ ನೋಡಿದೀವಿ” ಅಂದ. ಎಷ್ಟೋ ವರ್ಷದಿಂದ ಓಡಾಡಿಕೊಂಡೇ ಇದ್ದವನು. ನಾನು ಸರಿ ಅಂದೆ. ಕಾರು ನನ್ನ ಶೆಡ್ಡಿನಲ್ಲೇ ಉಳಿಯಿತು, ಟಾರ್ಪಾಲಿನ್ ಅಡಿಯಲ್ಲಿ.

ಮುಂದಿನ ಪೊಂಗಲ್‌ಗೆ ಇಬ್ಬರೂ ಬಂದರು. ಊಟವಾಗಿತ್ತು. ಅಮ್ಮಿಣಿ ನನ್ನ ಮಗಳನ್ನು ಕರೆದುಕೊಂಡು ಒಳಗಿನ ಕೋಣೆಯಲ್ಲಿ ಮಲಗಲು ಹೋದಳು. ಮಗಳಿಗೆ ಆಗ ಆರು ವರ್ಷ, ಚಿಕ್ಕಮ್ಮ ಅಂದರೆ ಪ್ರಾಣ. ನಾನು ನಡುಮನೆಯಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ಕೋಣೆಯ ಬಾಗಿಲು ತೆರೆದೇ ಇತ್ತು.

“ಪುಟ್ಟಿ, ಲೈಟ್ ಆರಿಸಿ ಬಾ” ಅಂತ ಅಮ್ಮಿಣಿ ಹೇಳಿದ್ದು ಕೇಳಿತು.

ಆಮೇಲೆ ಫ್ಯಾನು ಭರ್ರನೆ ತಿರುಗಿತು.

“ಫ್ಯಾನ್ ಯಾಕೆ ಹಾಕಿದೆಯೇ? ಲೈಟ್ ಆರಿಸು ಅಂದೆ ನಾನು.”

“ಅದಕ್ಕೇ ಚಿಕ್ಕಮ್ಮ, ಲೈಟು ಆರೋದಿಕ್ಕೆ ಫ್ಯಾನ್ ಆಕಿದೀನಿ. ಅದು ಅಷ್ಟೊಂದು ಸೂಡಾಗಿದ್ಯಾ?” ಸೂಡು ಅಂದರೆ ನಮ್ಮಲ್ಲಿ ಬಿಸಿ.

ಅಮ್ಮಿಣಿ ಬಿದ್ದು ಬಿದ್ದು ನಕ್ಕಳು. “ಅಯ್ಯೋ ಪೆದ್ದಿ! ಆರಿಸು ಅಂದ್ರೆ ಆಫ್ ಮಾಡು ಅಂತ...”

ಮಾತು ಅಲ್ಲಿಗೇ ನಿಂತಿತು. ನಗುವೂ ನಿಂತಿತು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದವನು ಹಾಗೇ ನಿಂತೆ. ಆರಿಸು ಅಂದರೆ ಆಫ್ ಮಾಡು. ಓಡಿಸಿ ಬಂದ ಮೇಲೆ ಆಫ್ ಮಾಡಬೇಕು. ಯಾವಾಗಲೂ. ಮರೆಯಬೇಡಿ. ಅಯ್ಯೋ ದೇವರೇ. ನಾನು ಹೇಳಿದ್ದನ್ನು ಆಕೆ ಒಂದು ದಿನವೂ ತಪ್ಪದೆ ಮಾಡಿದ್ದಳು.

ತಲೆಯೆತ್ತಿ ನೋಡಿದರೆ ಅಮ್ಮಿಣಿ ಹಾಸಿಗೆಯ ಮೇಲೆ ಎದ್ದು ಕೂತು ಬಾಗಿಲ ಕಡೆಗೇ ನೋಡುತ್ತಿದ್ದಳು. ಆಕೆಗೂ ಅದೇ ಕ್ಷಣದಲ್ಲಿ ಗೊತ್ತಾಗಿತ್ತು. ನನಗೆ ಗೊತ್ತಾದದ್ದೂ ಆಕೆಗೆ ಗೊತ್ತಾಯಿತು. ಆಕೆ ಕಾದಳು. ನಾನು ಬಾಯಿ ಬಿಡುತ್ತೇನೆ ಅಂತ ಕಾದಳು. ಆ ಮುಖವನ್ನು ನಾನು ಈಗಲೂ ಕಾಣುತ್ತೇನೆ. ಯಾರ ಮೇಲಾದರೂ ಎಗರಿ ಬೀಳಲು ತಡವೇ ಮಾಡದ ಬಾಯಿ ಅವತ್ತು ತೆರೆಯಲಿಲ್ಲ. ಇನ್ನೊಂದು ಚಪ್ಪಲಿ ಸಿಕ್ಕಿತು. ಹಾಕಿಕೊಂಡು ಹೊರಟುಬಿಟ್ಟೆ. ಹಬ್ಬದ ದಿನ, ಬೀಗ ಹಾಕಿದ ಶೆಡ್ಡನ್ನು ತೆಗೆದು ಒಳಗೆ ಕೂತೆ.

ಶೆಲ್ಫಿನಿಂದ ನೋಟ್‌ಬುಕ್ ಇಳಿಸಿದೆ. ಎಣ್ಣೆ ಹೀರಿದ ಪುಟಗಳು ಒಂದಕ್ಕೊಂದು ಅಂಟಿದ್ದವು, ಅಕ್ಷರ ಮಾತ್ರ ಹಾಗೇ ಇತ್ತು. ಆಕೆ ಬೆರಳಿಟ್ಟು ತೋರಿಸಿದ ಪುಟ ಕೊನೆಯ ಪುಟ. ಕೆಳಗೆ ಎರಡು ಗೆರೆ ಎಳೆದ ಒಂದು ಸಾಲು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

‘ಓಡಿಸಿ ಬಂದ ಮೇಲೆ ಆರಿಸಬೇಕು. ಒಂದು ನಿಮಿಷವೂ ತಡ ಮಾಡಬಾರದು.’

ಎರಡನೆಯ ಮಾತು ನನ್ನದಲ್ಲ. ನನ್ನ ಮೇಲಿನ ನಂಬಿಕೆಯಿಂದ, ಮರೆಯದಿರಲಿ ಅಂತ ತಾನೇ ಸೇರಿಸಿಕೊಂಡಿದ್ದಳು. ಆರಿಸುವುದೆಂದರೆ ತಡ ಮಾಡುವುದೇ ಅಲ್ಲವೇ? ಈ ಸಾಲನ್ನು ಓದಿದ್ದರೆ ನಿಂತ ಕಾಲಲ್ಲೇ, ಎಲ್ಲಿ ಎಡವಿದ್ದೇವೆ ಅಂತ ನನಗೆ ತಿಳಿಯುತ್ತಿತ್ತು. ಮತ್ತೊಮ್ಮೆ ಓದಿದೆ. ಆಗ ಇನ್ನೊಂದು ಕಂಡಿತು. ಆ ಸಾಲಿನಲ್ಲಿ ಒಂದೇ ಒಂದು ಒತ್ತಕ್ಷರ ಇರಲಿಲ್ಲ. ಆಕೆ ನನಗೆ ಕಲಿಸಿದ್ದ ಅಕ್ಷರಗಳೇ ಅಷ್ಟೂ. ಅವತ್ತು, ಅಷ್ಟು ಜನರ ಮುಂದೆಯೂ, ತಡವರಿಸಿಕೊಂಡಾದರೂ ನಾನು ಅದನ್ನು ಓದಬಹುದಿತ್ತು. ಬಹುಶಃ ಅದು ಗೊತ್ತಿದ್ದೇ ‘ಓದಿ ಭಾವ’ ಅಂದಿದ್ದಳು. ಗಂಡಸು ಅಳಬಾರದು ಅನ್ನುವವರ ಬಾಯಿಗೆ ಬೆಂಕಿ ಹಾಕ, ಟಾರ್ಪಾಲಿನ್ ಹಿಡಿದುಕೊಂಡು ಅತ್ತೆ.

ಅವತ್ತೇ ಹೋಗಿ ಕೈ ಮುಗಿಯಬೇಕಿತ್ತು. ಹೋಗಲಿಲ್ಲ. ನಾಳೆ, ಮುಂದಿನ ಭಾನುವಾರ, ಅವರೇ ಬಂದಾಗ ಹೇಳೋಣ, ಹೀಗೆ ಇನ್ನೊಂದು ವರ್ಷ ಕಳೆಯಿತು. ಆ ವರ್ಷದಲ್ಲಿ ಮಾಡಿದ್ದು ಒಂದೇ. ಮಗಳಿಗೆ ಅಂತ ಅಂಗಡಿಯಿಂದ ತರಿಸಿದ ಕನ್ನಡ ಪಾಠದ ಪುಸ್ತಕ ಇಟ್ಟುಕೊಂಡು ಒತ್ತಕ್ಷರ ಕಲಿತೆ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಬರೆಯಲೂ ಕಲಿತೆ. ಬರೆಯುವಾಗ ಹಕಾರ ಮರೆಯುವುದಿಲ್ಲ, ಆಡುವಾಗ ಈಗಲೂ ಬರುವುದಿಲ್ಲ. ನೋಟ್‌ಬುಕ್ಕಿನ ಆ ಸಾಲಿನ ಕೆಳಗೆ, ಹತ್ತು ಸಲ ಬೇರೆ ಕಾಗದದಲ್ಲಿ ಬರೆದು ನೋಡಿದ ಮೇಲೆ, ಬರೆದೆ. ‘ತಪ್ಪು ನನ್ನದು. ನೀವು ಸುಳ್ಳು ಹೇಳಲಿಲ್ಲ. ಭಾವ.’

ಕಳೆದ ತಿಂಗಳು ಒಂದು ಬೆಳಿಗ್ಗೆ ತಿರುಪ್ಪೂರಿಗೆ ಹೋದೆ. ತಮ್ಮ ಕೆಲಸಕ್ಕೆ ಹೊರಟಿದ್ದ, ನನ್ನನ್ನು ನೋಡಿ ಬ್ಯಾಗು ಕೆಳಗಿಟ್ಟ. ಅಮ್ಮಿಣಿ “ವಾಂಗ ಮಾಮಾ” ಅಂದಳು, ಬನ್ನಿ ಅಂತ. ನಾನು ನೋಟ್‌ಬುಕ್ ತೆರೆದು, ಬೆರಳಿಟ್ಟು, ಆಕೆಯ ಮುಂದೆ ಹಿಡಿದೆ.

ಓದಿದಳು. ನನ್ನ ಸೊಟ್ಟ ಅಕ್ಷರಗಳ ಮೇಲೆ, ಆ ಒತ್ತಕ್ಷರಗಳ ಮೇಲೆ ಬೆರಳಾಡಿಸಿದಳು. ಕಣ್ಣು ತುಂಬಿತ್ತು. ನನ್ನ ಹೆಸರಿನಂತಿದ್ದ ಆ ಭಾವ ಅನ್ನುವ ಮಾತನ್ನು ಇನ್ನೊಂದು ಸಲ ಕೇಳುತ್ತೇನೆ ಅಂತ ಮಗುವಿನಂತೆ ಕಾದೆ.

“ಪರವಾಯಿಲ್ಲೆ ಮಾಮಾ” ಅಂದಳು. ಪರವಾಗಿಲ್ಲ ಅಂತ. ಮನಸ್ಸಿನಿಂದಲೇ ಅಂದಳು, ಅದರಲ್ಲಿ ನನಗೆ ಅನುಮಾನವಿಲ್ಲ. ಕ್ಷಮಿಸಿದಳು. ನೋಟ್‌ಬುಕ್ಕನ್ನು ಮಡಚಿ, ಸೆರಗಿನಲ್ಲಿ ಒರೆಸಿ, ದೇವರ ಪಟದ ಪಕ್ಕದಲ್ಲಿದ್ದ ಅಪ್ಪನ ಫೋಟೋದ ಹಿಂದೆ ಇಟ್ಟು, ಅಡುಗೆಮನೆಗೆ ಹೋದಳು.

ಕಾಫಿ ತಂದಳು. ಹೊಗೆಯಾಡುತ್ತಿತ್ತು. ಲೋಟವನ್ನು ನನ್ನ ಮುಂದೆ ಇಡುವಾಗ ಒಂದು ಗಳಿಗೆ ತಡೆದಳು. ಯಾವ ಮಾತು ಆಡಬೇಕೆಂದು ಆರಿಸಿಕೊಳ್ಳುತ್ತಿದ್ದಂತೆ ಕಂಡಿತು. ಹಾಂ, ಆ ಮಾತಿಗೆ ಮೂರನೆಯ ಅರ್ಥವೂ ಇದೆ, ಈಗ ಗೊತ್ತು ನನಗೆ.

“ಸೂಡಾ ಇರುಕ್ಕುಂಗ ಮಾಮಾ. ಆರ ವೆಚ್ಚು ಕುಡಿಂಗ” ಅಂದಳು.

ಬಿಸಿಯಿದೆ, ಆರಿಸಿ ಕುಡಿಯಿರಿ. ತಮಿಳಿನಲ್ಲಿ ಆ ಮಾತಿಗೆ ಒಂದೇ ಅರ್ಥ. ಅದನ್ನು ಆಡಿದರೆ ಯಾರೂ ಆಕೆಯನ್ನು ಸುಳ್ಳಿ ಅನ್ನುವಂತಿಲ್ಲ. ನಾನು “ಸರಿಂಗ” ಅಂದೆ. ಲೋಟ ಎತ್ತಿಕೊಂಡು ಆರಿಸದೆಯೇ ಕುಡಿದೆ. ನಾಲಗೆ ಸುಟ್ಟಿತು.